ಬಂದನೋ, ಬಂದನಂತೆಯೋ: ಗುಪ್ತಚರ ವಿಶ್ಲೇಷಣೆಯಲ್ಲಿ ಮನಶ್ಶಾಸ್ತ್ರವನ್ನು ಬಳಸುವ ಬಗೆ

1973ರ ಅಕ್ಟೋಬರ್ 1. ಇಸ್ರೇಲಿ ಸೇನೆಯ ದಕ್ಷಿಣ ಕಮಾಂಡಿನಲ್ಲಿದ್ದ ಬಿನ್ಯಾಮಿನ್ ಸಿಮನ್-ಟೋವ್ ಎಂಬ ಕಿರಿಯ ಗುಪ್ತಚರ ಅಧಿಕಾರಿ ಒಂದು ಟಿಪ್ಪಣಿ ಬರೆದ. ಸೂಯೆಜ್ ಕಾಲುವೆಯ ಆಚೆ ದಡದಲ್ಲಿ ಈಜಿಪ್ಟ್ ನಡೆಸುತ್ತಿರುವ ಸಮರಾಭ್ಯಾಸ ಬರೀ ಮುಸುಕು, ಒಳಗೆ ಯುದ್ಧದ ತಯಾರಿ ನಡೆದಿರಬಹುದು ಎನ್ನುವುದು ಅವನ ಅನುಮಾನ. ಒಂದು ದಿನ ಬಿಟ್ಟು ಇನ್ನೊಂದು ಟಿಪ್ಪಣಿ ಬರೆದ. ಎರಡೂ ಅವನ ಮೇಲಧಿಕಾರಿಯ ಮೇಜು ದಾಟಲಿಲ್ಲ. ಅಕ್ಟೋಬರ್ 6ರ ಮಧ್ಯಾಹ್ನ 2 ಗಂಟೆಗೆ ಈಜಿಪ್ಟ್ ಮತ್ತು ಸಿರಿಯಾ ಎರಡೂ ಕಡೆಯಿಂದ ಒಟ್ಟಿಗೆ ಮೇಲೆ ಬಿದ್ದವು.

ಮಾಹಿತಿ ಇರಲಿಲ್ಲವೇ? ಬೇಕಾದಷ್ಟಿತ್ತು. ಕಾಲುವೆಯ ದಡದಲ್ಲಿ ಸೇನೆ ಜಮಾಯಿಸಿದ್ದು ಕಣ್ಣಿಗೇ ಕಾಣುತ್ತಿತ್ತು. ಈಜಿಪ್ಟ್ ಮತ್ತು ಸಿರಿಯಾದಲ್ಲಿದ್ದ ಸೋವಿಯತ್ ಸಲಹೆಗಾರರ ಕುಟುಂಬಗಳನ್ನು ಅವಸರವಸರವಾಗಿ ವಿಮಾನದಲ್ಲಿ ಸಾಗಿಸುತ್ತಿದ್ದುದೂ ಗೊತ್ತಾಗಿತ್ತು. ಆದರೆ ಇಸ್ರೇಲಿನ ಸೇನಾ ಗುಪ್ತಚರ ಸಂಸ್ಥೆ ‘ಅಮಾನ್’ ಒಂದು ನಂಬಿಕೆಗೆ ಅಂಟಿಕೊಂಡಿತ್ತು. ಇಸ್ರೇಲಿನ ಒಳಗಿನ ವಿಮಾನ ನೆಲೆಗಳಿಗೆ ಹೊಡೆಯಬಲ್ಲ ಯುದ್ಧವಿಮಾನ, ಕ್ಷಿಪಣಿ ಕೈಗೆ ಬರುವವರೆಗೆ ಈಜಿಪ್ಟ್ ಯುದ್ಧಕ್ಕಿಳಿಯುವುದಿಲ್ಲ, ಈಜಿಪ್ಟ್ ಇಳಿಯದೆ ಸಿರಿಯಾ ಇಳಿಯುವುದಿಲ್ಲ. ಈ ನಂಬಿಕೆಗೆ ಅಲ್ಲಿ ‘ಪರಿಕಲ್ಪನೆ’ ಎಂದೇ ಹೆಸರು ಬಿದ್ದಿತ್ತು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಬಂದ ಪ್ರತಿ ಸುಳಿವೂ ಆ ಬಣ್ಣವನ್ನೇ ಬಳಿದುಕೊಂಡಿತು.

ಇನ್ನಷ್ಟು ಮಾಹಿತಿ ಸಿಕ್ಕಿದ್ದರೆ ಸರಿಹೋಗುತ್ತಿತ್ತು ಎನ್ನುವವರು ರೇಸ್ ಕೋರ್ಸಿನ ಒಂದು ಪ್ರಯೋಗವನ್ನು ನೋಡಬೇಕು. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಕುದುರೆ ಪಂದ್ಯದ 8 ಮಂದಿ ಪರಿಣತರಿಗೆ ಮೊದಲು 5 ಬಗೆಯ ವಿವರ ಕೊಟ್ಟು ಗೆಲ್ಲುವ ಕುದುರೆಯನ್ನು ಊಹಿಸಲು ಹೇಳಿದ, ಆಮೇಲೆ 10, 20, 40 ವಿವರ. ಊಹೆಯ ನಿಖರತೆ ಒಟ್ಟಾರೆ ಇದ್ದಲ್ಲೇ ಇತ್ತು. ಏರುತ್ತಾ ಹೋದದ್ದು ಅವರ ಆತ್ಮವಿಶ್ವಾಸ ಮಾತ್ರ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮನಶ್ಶಾಸ್ತ್ರ ಎಂದರೆ ಎದುರಾಳಿಯ ಮನಸ್ಸನ್ನು ಓದುವ ಮಾಟವಲ್ಲ. ಮುಕ್ಕಾಲು ಪಾಲು ನಮ್ಮದೇ ತಲೆಯನ್ನು ಕಾಯುವ ಕೆಲಸ. ಪೊಲೀಸ್ ಇಲಾಖೆಯ ಗುಪ್ತವಾರ್ತೆ ವಿಭಾಗದಲ್ಲಿರುವವರು, ಸೈಬರ್ ಭದ್ರತೆಯವರು, ಬ್ಯಾಂಕಿನಲ್ಲಿ ವಂಚನೆ ಹಿಡಿಯುವವರು, ತನಿಖಾ ವರದಿಗಾರರು, ಯಾರಿಗಾದರೂ ಇದು ಹೊಂದುತ್ತದೆ. ಬೇಕಾದದ್ದು ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತು ‘ನಾನು ತಪ್ಪಿರಬಹುದು’ ಎಂದು ಬರೆಯುವ ಧೈರ್ಯ.

ಹಂತ 1: ಪ್ರಶ್ನೆಗೆ ಗಡಿ ಹಾಕಿ

‘ಈಜಿಪ್ಟ್ ಯುದ್ಧ ಮಾಡುತ್ತದೆಯೇ?’ ಎಂಬುದು ಹರಟೆಕಟ್ಟೆಯ ಪ್ರಶ್ನೆ. ‘ಇಂದಿನಿಂದ 30 ದಿನಗಳೊಳಗೆ, ಎಷ್ಟೇ ಸಣ್ಣ ಗುರಿಗಾದರೂ ಸರಿ, ಈಜಿಪ್ಟಿನ ಸೇನೆ ಕಾಲುವೆ ದಾಟುತ್ತದೆಯೇ?’ ಎಂದರೆ ಅದು ವಿಶ್ಲೇಷಣೆಗೆ ದಕ್ಕುವ ಪ್ರಶ್ನೆ. ಯಾರು, ಏನು, ಯಾವಾಗಿನೊಳಗೆ ಎಂಬ ಮೂರೂ ಇರಬೇಕು. ಅವಧಿ ಮುಗಿದ ದಿನ ಹೌದು ಅಥವಾ ಇಲ್ಲ ಎಂದು ಯಾರು ಬೇಕಾದರೂ ಹೇಳುವಂತಿರಬೇಕು.

ಕಡತ ಬಿಡಿಸುವ ಮೊದಲೇ ನಿಮ್ಮ ಮನಸ್ಸಿಗೆ ಹೊಳೆದ ಉತ್ತರವನ್ನು ದಿನಾಂಕ ಹಾಕಿ ಬರೆದು ಲಕೋಟೆಯೊಳಗಿಡಿ. ಇದರ ಉಪಯೋಗ ಕೊನೆಯ ಹಂತದಲ್ಲಿ.

ಹಂತ 2: ‘ಅಂತೆ’ಯನ್ನು ಬೇರೆ ಮಾಡಿ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಅನುಕೂಲವಿದೆ. ‘ಬಂದ’, ‘ಬಂದನಂತೆ’, ‘ಬಂದಿರಬೇಕು’. ಮೊದಲನೆಯದು ಕಂಡದ್ದು, ಎರಡನೆಯದು ಕೇಳಿದ್ದು, ಮೂರನೆಯದು ನಾವು ಕಟ್ಟಿದ್ದು. ಅಡುಗೆಮನೆಯ ಮಾತಿನಲ್ಲಿ ಈ ವ್ಯತ್ಯಾಸವನ್ನು ಯಾರೂ ತಪ್ಪುವುದಿಲ್ಲ. ವರದಿಯ ಭಾಷೆಗೆ ಬಂದ ಕೂಡಲೇ ಮೂರೂ ‘ಬಂದಿರುತ್ತಾರೆ’ ಎಂಬ ಒಂದೇ ಸರ್ಕಾರಿ ಕ್ರಿಯಾಪದದಲ್ಲಿ ಕರಗಿಹೋಗುತ್ತವೆ. ಹಾಗಾಗಲು ಬಿಡಬೇಡಿ. ಪ್ರತಿ ವಾಕ್ಯದ ಅಂಚಿನಲ್ಲಿ ಕಂ, ಕೇ, ಕ ಎಂದು ಗುರುತು ಹಾಕಿ. ಮೊದಲ ಸಲ ಮಾಡಿದಾಗ ಪುಟದಲ್ಲಿ ‘ಕಂ’ ಎಷ್ಟು ಕಡಿಮೆಯಿದೆ ಎಂದು ಗಾಬರಿಯಾಗುತ್ತದೆ. ಆಗಲಿ.

ಆಮೇಲೆ ‘ಕೇ’ ಗುರುತಿನ ಪ್ರತಿ ಸಾಲಿನ ಮೂಲ ಹುಡುಕಿ. ಕೊಡ ಎಣಿಸಬೇಡಿ, ಬಾವಿ ಎಣಿಸಿ. ಇರಾಕಿನಲ್ಲಿ ಲಾರಿಗಳ ಮೇಲೆ ಓಡಾಡುವ ಜೈವಿಕ ಅಸ್ತ್ರದ ಪ್ರಯೋಗಾಲಯಗಳಿವೆ ಎಂದು 2003ರ ಇರಾಕ್ ಯುದ್ಧಕ್ಕೆ ಮುಂಚೆ ಬಂದ ವರದಿಗಳು ನೂರರ ಆಸುಪಾಸು. ಅವುಗಳ ಮೂಲ ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಒಬ್ಬನೇ ಇರಾಕಿ. ಅವನಿದ್ದದ್ದು ಜರ್ಮನ್ ಗುಪ್ತಚರ ಸಂಸ್ಥೆಯ ಸುಪರ್ದಿಯಲ್ಲಿ, ಅಮೆರಿಕದವರು ಯುದ್ಧಕ್ಕೆ ಮುಂಚೆ ಅವನನ್ನು ಕೂರಿಸಿ ವಿಚಾರಿಸಿಯೂ ಇರಲಿಲ್ಲ. ಆ ಮಾತು 2003ರ ಫೆಬ್ರುವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯವರೆಗೆ ಹೋಯಿತು. ಪ್ರಯೋಗಾಲಯಗಳು ಸಿಗಲೇ ಇಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಮನಸ್ಸು ಅದನ್ನು ನಿಜದ ಕಡೆಗೆ ತಳ್ಳುತ್ತದೆ. ಹತ್ತು ಕೊಡದ ನೀರೂ ಒಂದೇ ಬಾವಿಯದ್ದು ಎಂಬುದು ಕೊಡ ನೋಡಿದರೆ ತಿಳಿಯುವುದಿಲ್ಲ.

ಬಾತ್ಮೀದಾರನ ಮುಖ ನೋಡಿ ನಿಜ ಸುಳ್ಳು ಹೇಳಬಲ್ಲೆ ಎನ್ನುವ ಹಿರಿಯರು ಪ್ರತಿ ಠಾಣೆಯಲ್ಲೂ ಒಬ್ಬರಿರುತ್ತಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನ ನಿಜ ಯಾವುದು ಸುಳ್ಳು ಯಾವುದು ಎಂದು ಸರಿಯಾಗಿ ಹೇಳುವ ಸರಾಸರಿ ಶೇ 54 ಬಂತು. ನಾಣ್ಯ ಚಿಮ್ಮಿದರೆ ಶೇ 50. ಬೆವರು, ತೊದಲು, ತಪ್ಪಿಸುವ ಕಣ್ಣು, ಇವನ್ನೆಲ್ಲ ಪಕ್ಕಕ್ಕಿಡಿ. ಅವನಿಗೆ ಅದು ಗೊತ್ತಾಗಲು ದಾರಿಯಿತ್ತೇ, ಹೇಳುವುದರಿಂದ ಅವನಿಗೇನು ಸಿಗುತ್ತದೆ, ಬೇರೆ ಬಾವಿಯ ನೀರು ಹೋಲುತ್ತದೆಯೇ, ಇಷ್ಟು ಕೇಳಿ.

ಹಂತ 3: ಕನಿಷ್ಠ ನಾಲ್ಕು ಉತ್ತರ ಬರೆಯಿರಿ

ಮನೆಯಲ್ಲಿ ಯಾರಾದರೂ ಇದ್ದರೆ ಈಗಲೇ ಆಡಿ ನೋಡಿ. ‘2, 4, 6 ಈ ಮೂರು ಅಂಕಿ ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಹೊಂದುತ್ತವೆ. ನೀನು ಬೇರೆ ಮೂರು ಮೂರು ಅಂಕಿ ಹೇಳು, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ, ಕೊನೆಗೆ ನಿಯಮ ಹೇಳು.’ ಹೆಚ್ಚಿನವರು 8, 10, 12 ಎನ್ನುತ್ತಾರೆ, 20, 22, 24 ಎನ್ನುತ್ತಾರೆ, ಎಲ್ಲದಕ್ಕೂ ಹೌದು ಸಿಕ್ಕಿ ‘ಎರಡೆರಡು ಹೆಚ್ಚುವ ಅಂಕಿ’ ಎಂದು ಗೆದ್ದವರಂತೆ ಹೇಳುತ್ತಾರೆ. ನಿಯಮ ಇದ್ದದ್ದು ‘ಏರುವ ಯಾವ ಮೂರು ಅಂಕಿಯಾದರೂ ಸರಿ’. 1960ರಲ್ಲಿ ಪೀಟರ್ ವಾಸನ್ 29 ಮಂದಿಯ ಮೇಲೆ ಮಾಡಿದಾಗ ಮೊದಲ ಯತ್ನದಲ್ಲೇ ಸರಿ ಹೇಳಿದವರು 6 ಮಂದಿ. 6, 4, 2 ಎಂದು ಕೇಳಿ ‘ಇಲ್ಲ’ ಅನ್ನಿಸಿಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ.

ಹಾಗಾಗಿ ಒಂದೇ ಉತ್ತರ ಹಿಡಿದು ಪುರಾವೆ ಕೂಡಿಹಾಕಬೇಡಿ. 1973ರ ಮೇಜಿಗೇ ಹೋಗೋಣ. ಅಲ್ಲಿ ಬರೆಯಬಹುದಾಗಿದ್ದ ಉತ್ತರಗಳು ಹೀಗಿದ್ದವು. ಅ: ಇದು ಬರೀ ಸಮರಾಭ್ಯಾಸ. ಆ: ಬೆದರಿಸುವ ಪ್ರದರ್ಶನ. ಇ: ಇಸ್ರೇಲೇ ಮೇಲೆ ಬಿದ್ದೀತೆಂಬ ಭಯದ ಮುನ್ನೆಚ್ಚರಿಕೆ (ಸೆಪ್ಟೆಂಬರ್ 13ರ ವೈಮಾನಿಕ ಕಾದಾಟದಲ್ಲಿ ಸಿರಿಯಾ ಹತ್ತಕ್ಕೂ ಹೆಚ್ಚು ವಿಮಾನ ಕಳೆದುಕೊಂಡಿತ್ತು). ಈ: ಕಾಲುವೆ ದಾಟಿ ಒಂದು ಪಟ್ಟಿ ನೆಲ ಹಿಡಿದು ಕೂರುವ ಸೀಮಿತ ಯುದ್ಧ. ಉ: ಸಿನಾಯ್ (1967ರಲ್ಲಿ ಇಸ್ರೇಲ್ ಈಜಿಪ್ಟಿನಿಂದ ಕಿತ್ತುಕೊಂಡಿದ್ದ, ಕಾಲುವೆಯ ಈಚಿನ ನೆಲ) ಪೂರ್ತಿ ಗೆಲ್ಲುವ ಯುದ್ಧ.

‘ಈ’ ಮತ್ತು ‘ಉ’ ಬೇರೆ ಬೇರೆ ಉತ್ತರಗಳಾಗಿರುವುದನ್ನು ಗಮನಿಸಿ. ಅಮಾನ್‌ನ ತಲೆಯಲ್ಲಿ ಇವೆರಡೂ ‘ಯುದ್ಧ’ ಎಂಬ ಒಂದೇ ಪದದಲ್ಲಿ ಬೆಸೆದುಕೊಂಡಿದ್ದವು.

ಹಂತ 4: ಎದುರಾಳಿಯ ಕುರ್ಚಿಯಲ್ಲಿ ಕೂರಿ, ನಿಮ್ಮ ಬುದ್ಧಿಯನ್ನು ಹೊರಗಿಟ್ಟು

‘ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಆದ್ದರಿಂದ ಅವನೂ ಮಾಡುವುದಿಲ್ಲ.’ ಈ ಹಳ್ಳಕ್ಕೆ ಬಿದ್ದವರಲ್ಲಿ ದೊಡ್ಡವರೇ ಹೆಚ್ಚು, ನಮ್ಮ ಹತ್ತಿರದ ಉದಾಹರಣೆಯೇ ಇದೆ. 1998ರ ಮೇ 11ರಂದು ಪೋಖರಣ್‌ನಲ್ಲಿ ಭಾರತ ಅಣುಪರೀಕ್ಷೆ ನಡೆಸಿದಾಗ ಅಮೆರಿಕದ ಗುಪ್ತಚರರಿಗೆ ಮುನ್ಸೂಚನೆ ಇರಲಿಲ್ಲ. ಅಧಿಕಾರಕ್ಕೆ ಬಂದ ಬಿಜೆಪಿ ಅಣ್ವಸ್ತ್ರದ ಆಯ್ಕೆಯನ್ನು ಬಳಸುವುದಾಗಿ ಚುನಾವಣಾ ಪ್ರಣಾಳಿಕೆಯಲ್ಲೇ ಅಚ್ಚು ಹಾಕಿಸಿತ್ತು. ಗುಟ್ಟೇನೂ ಅಲ್ಲ, ಅಂಗಡಿಯಲ್ಲಿ ಸಿಗುವ ಪತ್ರಿಕೆಯಲ್ಲಿದ್ದ ವಿಷಯ. ವೈಫಲ್ಯದ ಪರಿಶೀಲನೆ ನಡೆಸಿದ ಅಡ್ಮಿರಲ್ ಡೇವಿಡ್ ಜೆರೆಮಯ ಕಂಡುಕೊಂಡದ್ದು ಒಂದು ಮನೋಭಾವವನ್ನು: ಹೊಸ ಸರ್ಕಾರ ನಾವು ನಡೆದುಕೊಳ್ಳುವಂತೆಯೇ ನಡೆದುಕೊಳ್ಳುತ್ತದೆ ಎಂದು ಅಮೆರಿಕದ ವಿಶ್ಲೇಷಕರು ಭಾವಿಸಿದ್ದರು. ಚುನಾವಣೆಯ ಮಾತು ಚುನಾವಣೆಗೆ, ನಿರ್ಬಂಧದ ಭಯ ಇರುವಾಗ ಯಾರು ತಾನೇ ಮಾಡುತ್ತಾರೆ, ಎಂಬ ಧಾಟಿ ಅದು. ತಾನು ಕಳ್ಳ ಪರರ ನಂಬ ಎನ್ನುತ್ತಾರಲ್ಲ, ತನ್ನ ಅಳತೆಗೋಲಲ್ಲೇ ಪರರನ್ನು ಅಳೆಯುವುದು ಒಳ್ಳೆಯವರ ವಿಷಯದಲ್ಲೂ ನಿಜ.

ಇದರ ಇನ್ನೊಂದು ಎಳೆ 1995ರದ್ದು. ಆಗಲೂ ಪೋಖರಣ್‌ನಲ್ಲಿ ತಯಾರಿ ನಡೆದಿತ್ತು, ಉಪಗ್ರಹಗಳು ಕಂಡವು, ರಾಯಭಾರಿ ಫ್ರಾಂಕ್ ವಿಸ್ನರ್ ಮೂಲಕ ಒತ್ತಡ ಬಂತು, ಪರೀಕ್ಷೆ ನಿಂತಿತು. ಎದುರಾಳಿಗೆ ತನ್ನ ಕಣ್ಣು ಎಲ್ಲಿದೆ ಎಂದು ಅಮೆರಿಕವೇ ಹೇಳಿಕೊಟ್ಟಂತಾಯಿತು. ಮುಂದಿನ ಸಲ ಸೇನೆಯ ಎಂಜಿನಿಯರುಗಳು ರಾತ್ರಿ ಕೆಲಸ ಮಾಡಿ ಬೆಳಗಾಗುವ ಮೊದಲು ಯಂತ್ರಗಳನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸುತ್ತಿದ್ದರು. ಭೂಮಿ ನಡುಗಿದ ಮೇಲೆ ಹಿಡಿಯುವ ಉಪಕರಣಗಳು ಲೋಕದಲ್ಲಿ ಬೇಕಾದಷ್ಟಿವೆ. ನಮ್ಮ ಗೌರಿಬಿದನೂರಿನಲ್ಲೇ 1965ರಿಂದ ಭೂಕಂಪನ ಮಾಪಕಗಳ ಸಾಲು ಇಂಥ ಸ್ಫೋಟಗಳಿಗೂ ಕಿವಿಗೊಟ್ಟಿದೆ. ನಡುಗುವ ಮುಂಚೆ ಉದ್ದೇಶ ತಿಳಿಯುವ ಉಪಕರಣ ಮಾತ್ರ ಇಲ್ಲ.

ಆ ಕುರ್ಚಿಯಲ್ಲಿ ಕೂತು ‘ನಾನು’ ಎಂದೇ ಒಂದು ಪುಟ ಬರೆಯಿರಿ. ನಾನು ಯಾರಿಗೆ ಏನು ಮಾತು ಕೊಟ್ಟಿದ್ದೇನೆ? ಸುಮ್ಮನಿದ್ದರೆ ನನಗೇನು ನಷ್ಟ? ನನ್ನ ಮೇಲೆ ಯಾರ ಕಣ್ಣಿದೆ, ಆ ಕಣ್ಣು ಏನು ಕಾಣಬಲ್ಲದು? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ನಾನು ಯಾವುದನ್ನು ‘ನನ್ನದು’ ಎಂದು ಲೆಕ್ಕ ಹಾಕಿಕೊಂಡಿದ್ದೇನೆ?

ಕೊನೆಯ ಪ್ರಶ್ನೆಯ ಹಿಂದೆ ಡೇನಿಯಲ್ ಕಾನಮನ್ ಮತ್ತು ಆಮೊಸ್ ಟ್ವೆರ್ಸ್ಕಿಯವರ 1979ರ ಸಿದ್ಧಾಂತವಿದೆ. ಲಾಭದ ಲೆಕ್ಕದಲ್ಲಿರುವವನು ಕೈಯಲ್ಲಿರುವುದನ್ನು ಕಾಪಾಡಿಕೊಳ್ಳುತ್ತಾನೆ, ನಷ್ಟದಲ್ಲಿದ್ದೇನೆ ಎಂದುಕೊಂಡವನು ಅದನ್ನು ತುಂಬಿಕೊಳ್ಳಲು ದೊಡ್ಡ ಅಪಾಯಕ್ಕೂ ಕೈಹಾಕುತ್ತಾನೆ. ಇಸ್ರೇಲಿನ ಕಣ್ಣಿಗೆ 1973ರ ಗಡಿ ಸ್ಥಿತಿ ನೆಮ್ಮದಿಯದು. ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್‌ಗೆ ಅದು 1967ರಿಂದ ಪ್ರತಿದಿನ ಆಗುತ್ತಿದ್ದ ನಷ್ಟ. ‘ಸೋಲುತ್ತಾನೆಂದು ಅವನಿಗೇ ಗೊತ್ತು, ಹಾಗಾಗಿ ಬರುವುದಿಲ್ಲ’ ಎಂಬ ಲೆಕ್ಕದಲ್ಲಿ ಈ ಕಲಂ ಇರಲೇ ಇಲ್ಲ. ಅವನಿಗೆ ಸಿನಾಯ್ ಪೂರ್ತಿ ಬೇಕಿರಲಿಲ್ಲ, ದಡದ ಮೇಲೆ ಕಾಲೂರಿ ಮಾತುಕತೆಯ ಬಾಗಿಲು ತೆಗೆಸಿದ್ದರೆ ಸಾಕಿತ್ತು.

ಹಂತ 5: ಕೋಷ್ಟಕ, ಮತ್ತು ಅದನ್ನು ಅಡ್ಡಡ್ಡ ಓದುವುದು

ಸಿಐಎಯಲ್ಲಿ ದಶಕಗಳ ಕಾಲ ದುಡಿದ ರಿಚರ್ಡ್ಸ್ ಹ್ಯೂಯರ್ ರೂಪಿಸಿದ ವಿಧಾನ ಇದು. ಮೇಲ್ಸಾಲಿನಲ್ಲಿ ಉತ್ತರಗಳು (ಅ, ಆ, ಇ, ಈ, ಉ), ಎಡಬದಿಯಲ್ಲಿ ಪುರಾವೆಗಳು. ಪ್ರತಿ ಮನೆಯಲ್ಲಿ ‘ಹೊಂದುತ್ತದೆ’, ‘ಹೊಂದುವುದಿಲ್ಲ’, ‘ಸಂಬಂಧವಿಲ್ಲ’ ಇವುಗಳಲ್ಲಿ ಒಂದು.

ಹೆಚ್ಚಿನವರು ಉತ್ತರದ ಕೆಳಗೆ ಉದ್ದುದ್ದ ಓದಿ ‘ಹೊಂದುತ್ತದೆ’ ಎಷ್ಟಿವೆ ಎಂದು ಎಣಿಸುತ್ತಾರೆ. ಅಲ್ಲೇ ಎಡವುವುದು. ಒಂದೊಂದು ಪುರಾವೆಯನ್ನೂ ಹಿಡಿದು ಅಡ್ಡಡ್ಡ ಹೋಗಬೇಕು. ‘ಕಾಲುವೆ ದಡದಲ್ಲಿ ಸೇನೆ ಜಮಾಯಿಸಿದೆ’: ‘ಅ’ಗೆ ಹೊಂದುತ್ತದೆ, ‘ಆ’ಗೆ ಹೊಂದುತ್ತದೆ, ಐದಕ್ಕೂ ಹೊಂದುತ್ತದೆ. ಹಾಗಾದರೆ ಅದರ ಬೆಲೆ ಸೊನ್ನೆ. ಎಷ್ಟೇ ಚಂದದ ಉಪಗ್ರಹ ಚಿತ್ರವಿದ್ದರೂ ಸೊನ್ನೆಯೇ. ಜ್ವರ ಇದೆ ಎಂದ ಮಾತ್ರಕ್ಕೆ ಡಾಕ್ಟರು ಡೆಂಗಿಯೋ ಟೈಫಾಯ್ಡೋ ಹೇಳಲಾರರಲ್ಲ, ಹಾಗೆ.

‘ಸಮರಾಭ್ಯಾಸ ಎಂದು ಘೋಷಿಸಿದ್ದಾರೆ’: ಇದೂ ಐದಕ್ಕೂ ಹೊಂದುತ್ತದೆ, ದಾಳಿ ಮಾಡುವವನೂ ಅದನ್ನೇ ಹೇಳುತ್ತಾನೆ. ‘ದೂರ ಹೋಗಿ ಹೊಡೆಯುವ ವಿಮಾನಬಲ ಇಲ್ಲ’: ‘ಉ’ಗೆ ಹೊಂದುವುದಿಲ್ಲ. ಆದರೆ ‘ಈ’ಗೆ? ದಡದಿಂದ ಕೆಲವೇ ಕಿಲೋಮೀಟರ್ ಒಳಗೆ, ತನ್ನದೇ ವಿಮಾನನಾಶಕ ಕ್ಷಿಪಣಿಗಳ ಕೊಡೆಯಡಿ ಕೂರುವವನಿಗೆ ದೂರದ ವಿಮಾನವೇಕೆ? ಎಲ್ಲರೂ ನೆಚ್ಚಿಕೊಂಡಿದ್ದ ಆ ಪುರಾವೆ ‘ಉ’ ಎಂಬ ಒಂದು ಉತ್ತರವನ್ನಷ್ಟೇ ಹೊಡೆದುಹಾಕುತ್ತಿತ್ತು, ‘ಈ’ ನಗುನಗುತ್ತಾ ಉಳಿಯುತ್ತಿತ್ತು. ಇನ್ನು ‘ಸೋವಿಯತ್ ಕುಟುಂಬಗಳು ರಾತ್ರೋರಾತ್ರಿ ಹೊರಟಿವೆ’: ಸಮರಾಭ್ಯಾಸಕ್ಕೆ ಯಾರೂ ಮಡದಿ ಮಕ್ಕಳನ್ನು ಊರು ಬಿಡಿಸುವುದಿಲ್ಲ. ‘ಅ’ ಬಿತ್ತು, ‘ಆ’ ಹೆಚ್ಚುಕಡಿಮೆ ಬಿತ್ತು. ‘ಇ’ ಕಷ್ಟಪಟ್ಟು ನಿಂತಿದೆ.

ಉಳಿಯುವುದು ಹೆಚ್ಚು ಬೆಂಬಲ ಪಡೆದ ಉತ್ತರವಲ್ಲ, ಕಡಿಮೆ ಏಟು ತಿಂದ ಉತ್ತರ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಕೋಷ್ಟಕ ತಂತಾನೇ ತೀರ್ಪನ್ನು ಸುಧಾರಿಸುತ್ತದೆ ಎನ್ನಲು ಈಚಿನ ಪ್ರಯೋಗಗಳಲ್ಲಿ ಬಲವಾದ ಆಧಾರ ಸಿಕ್ಕಿಲ್ಲ. ಮನೆಗಳನ್ನು ತುಂಬುವುದೂ ಅದೇ ತಲೆ ತಾನೇ. ನನ್ನ ಮಟ್ಟಿಗೆ ಇದರ ಲಾಭ ಬೇರೆ: ಯಾವ ಪುರಾವೆಯ ಮೇಲೆ ನಿಮ್ಮ ಇಡೀ ತೀರ್ಪು ನಿಂತಿದೆ ಎಂಬುದು ಪಕ್ಕದವರಿಗೂ ಕಾಣುತ್ತದೆ, ಅವರು ಬೆರಳಿಟ್ಟು ಜಗಳ ತೆಗೆಯಬಹುದು.

ಹಂತ 6: ‘ಬಹುದು’ ಎಂಬ ಮಾತಿಗೆ ಅಂಕಿ ಕೊಡಿ

‘ಅಂತೆ’ ಕನ್ನಡದ ವರವಾದರೆ ‘ಬಹುದು’ ಅದರ ಶಾಪ. ‘ಮಳೆ ಬರಬಹುದು’ ಎಂದವನ ಮನಸ್ಸಿನಲ್ಲಿ ಶೇ 10 ಇದೆಯೋ 90 ಇದೆಯೋ ದೇವರೇ ಬಲ್ಲ. ಬಂದರೂ ಅವನು ಸರಿ, ಬರದಿದ್ದರೂ ಸರಿ. ಹಾವೂ ಸಾಯದು, ಕೋಲೂ ಮುರಿಯದು.

ಇದು ಬರೀ ನಮ್ಮ ಕಾಯಿಲೆಯಲ್ಲ. 1951ರಲ್ಲಿ ಅಮೆರಿಕದ ಒಂದು ಗುಪ್ತಚರ ಅಂದಾಜು ಯುಗೊಸ್ಲಾವಿಯಾದ ಮೇಲೆ ದಾಳಿಯನ್ನು ‘ಗಂಭೀರ ಸಾಧ್ಯತೆ’ ಎಂದು ಕರೆದಿತ್ತು. ಹಾಗೆಂದರೆ ಎಷ್ಟು ಎಂದು ಯಾರೋ ಕೇಳಿದಾಗ, ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್ ತನ್ನ ಲೆಕ್ಕದಲ್ಲಿ 65ಕ್ಕೆ 35 ಎಂದರು. ಆಮೇಲೆ ಸಹೋದ್ಯೋಗಿಗಳನ್ನು ಕೇಳಿ ನೋಡಿದರೆ 20ರಿಂದ 80ರವರೆಗೆ ಹರಡಿತ್ತು. ಎಲ್ಲರೂ ಅದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದವರು!

ಅಮೆರಿಕದ ಈಗಿನ ಮಾನದಂಡದ ಅಂಕಿಗಳನ್ನು ಕನ್ನಡದ ಮಾತಿಗೆ ಹೀಗೆ ಕೂರಿಸಿಕೊಳ್ಳಬಹುದು. ಬಹುತೇಕ ಖಚಿತ: 95ರಿಂದ 99. ಬಲವಾದ ಸಾಧ್ಯತೆ: 80ರಿಂದ 95. ಸಾಧ್ಯತೆ ಹೆಚ್ಚು: 55ರಿಂದ 80. ಸಮಸಮ: 45ರಿಂದ 55. ಸಾಧ್ಯತೆ ಕಡಿಮೆ: 20ರಿಂದ 45. ತೀರಾ ಕಡಿಮೆ: 5ರಿಂದ 20. ಇಲ್ಲವೆನ್ನುವಷ್ಟು: 1ರಿಂದ 5. ಮಾತನ್ನೂ ಅಂಕಿಯನ್ನೂ ಒಟ್ಟಿಗೇ ಬರೆಯಿರಿ. ಮೂಲಗಳು ಎಷ್ಟು ಗಟ್ಟಿ ಎನ್ನುವುದು ಬೇರೆ ವಿಷಯ, ಅದಕ್ಕೆ ಬೇರೆ ವಾಕ್ಯ.

ಅಂಕಿ ಎಲ್ಲಿಂದ ತರುವುದು? ಹಿಂದೆ ಇಂಥದ್ದು ಎಷ್ಟು ಸಲ ಏನಾಗಿತ್ತು ಎಂಬಲ್ಲಿಂದ ಹೊರಡಿ. ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳಿ, ಅಂದರೆ 1ಕ್ಕೆ 9. ಹೊಸ ಸುಳಿವು ಯುದ್ಧವಿದ್ದರೆ ಕಾಣುವ ಸಂಭವ ಯುದ್ಧವಿಲ್ಲದಿದ್ದರೆ ಕಾಣುವುದಕ್ಕಿಂತ 8 ಪಟ್ಟು ಎನಿಸಿದರೆ 8ಕ್ಕೆ 9 ಆಯಿತು, ಅಂದರೆ ಸುಮಾರು ಶೇ 47. ಇವು ವಿವರಿಸಲು ನಾನಿಟ್ಟ ಅಂಕಿಗಳು, ಆದರೆ ಲೆಕ್ಕದ ಬಗೆ ಇದೇ. ಹಿಂದಿನ ದಾಖಲೆಯಲ್ಲೇ ಕೂತುಬಿಟ್ಟರೂ ಅಪಾಯ: ಈಜಿಪ್ಟ್ ಹಿಂದೆಯೂ ಎಷ್ಟೋ ಸಮರಾಭ್ಯಾಸ ಮಾಡಿತ್ತು, ಯಾವುದೂ ಯುದ್ಧವಾಗಿರಲಿಲ್ಲ.

ಕಥೆ ಕಟ್ಟುವಾಗ ಹುಷಾರು. 1982ರಲ್ಲಿ ಇಸ್ತಾಂಬುಲ್‌ನ ಸಮ್ಮೇಳನಕ್ಕೆ ಬಂದ ವೃತ್ತಿಪರ ಮುನ್ಸೂಚಕರಲ್ಲಿ ಒಂದು ಗುಂಪನ್ನು ಕಾನಮನ್, ಟ್ವೆರ್ಸ್ಕಿ ‘1983ರಲ್ಲಿ ಅಮೆರಿಕ ಮತ್ತು ಸೋವಿಯತ್ ರಾಜತಾಂತ್ರಿಕ ಸಂಬಂಧ ಕಡಿದುಹೋಗುವುದೇ?’ ಎಂದು ಕೇಳಿದರು, ಇನ್ನೊಂದನ್ನು ‘ಸೋವಿಯತ್ ಪಡೆ ಪೋಲೆಂಡಿಗೆ ನುಗ್ಗಿ, ಸಂಬಂಧವೂ ಕಡಿದುಹೋಗುವುದೇ?’ ಎಂದು. ಎರಡನೆಯದಕ್ಕೇ ಹೆಚ್ಚು ಸಾಧ್ಯತೆ ಸಿಕ್ಕಿತು. ಎರಡು ಘಟನೆ ಕೂಡಿ ನಡೆಯುವುದು ಒಂದೇ ನಡೆಯುವುದಕ್ಕಿಂತ ಸುಲಭವಾಗಲು ಸಾಧ್ಯವಿಲ್ಲ. ವಿವರ ಸೇರಿಸಿದಂತೆ ಕಥೆ ನಂಬುವಂತಾಗುತ್ತದೆ, ಸಾಧ್ಯತೆ ಕುಗ್ಗುತ್ತದೆ.

ಹಂತ 7: ಸಭೆಗೆ ಮುಂಚೆ ಚೀಟಿ

ಎಲ್ಲರೂ ಕೂತು ಮಾತಾಡಿ ಆಮೇಲೆ ಅಂಕಿ ಹಾಕಬೇಡಿ. ಮೊದಲು ಪ್ರತಿಯೊಬ್ಬರೂ ಒಬ್ಬರೇ ಚೀಟಿಯಲ್ಲಿ ಬರೆದು ಕೊಡಲಿ. ಸಭೆಯಲ್ಲಿ ಕಿರಿಯರ ಮಾತು ಮೊದಲು, ಸಾಹೇಬರ ಮಾತು ಕೊನೆಗೆ. ಸಾಹೇಬರು ಬಾಯಿ ಬಿಟ್ಟ ಮೇಲೆ ನಮ್ಮ ಕಚೇರಿಗಳಲ್ಲಿ ಇನ್ನೊಂದು ಅಭಿಪ್ರಾಯ ಹುಟ್ಟುವುದನ್ನು ನಾನಂತೂ ಕಂಡಿಲ್ಲ. 1950ರ ದಶಕದಲ್ಲಿ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ: ಉಳಿದವರೆಲ್ಲ ತಪ್ಪು ಹೇಳಿದರೆ ಕಣ್ಣೆದುರಿನ ಗೆರೆಯನ್ನೂ ಜನ ಸುಳ್ಳಾಗಿಸುತ್ತಾರೆ. ಆದರೆ ಒಬ್ಬನೇ ಒಬ್ಬ ಜೊತೆಗಾರ ಸರಿ ಹೇಳಿದರೆ ಆ ಒತ್ತಡ ಬಹುಪಾಲು ಇಳಿದುಹೋಗುತ್ತದೆ.

1973ರ ಯುದ್ಧದ ನಂತರ, ವೈಫಲ್ಯದ ತನಿಖೆಗೆ ಇಸ್ರೇಲ್ ನೇಮಿಸಿದ ಅಗ್ರಾನತ್ ಆಯೋಗದ ವಿಚಾರಣೆಯ ಹಿನ್ನೆಲೆಯಲ್ಲಿ ಅಮಾನ್ ಒಳಗೇ ವಿರುದ್ಧ ವಾದ ಮಂಡಿಸುವ ವಿಭಾಗವೊಂದು ಹುಟ್ಟಿತು. ಒಳ್ಳೆಯದೇ. ಆದರೆ ಪಾತ್ರಧಾರಿಯ ವಿರೋಧಕ್ಕೆ ಬಿಸಿ ಕಡಿಮೆ. ನಿಜವಾಗಿ ಒಪ್ಪದವನ ಮಾತು ಗುಂಪನ್ನು ಹೆಚ್ಚು ಯೋಚಿಸುವಂತೆ ಮಾಡುತ್ತದೆ ಎಂದು ಚಾರ್ಲನ್ ನೆಮೆತ್ ಪ್ರಯೋಗಗಳಲ್ಲಿ ಕಂಡಿದ್ದಾರೆ. ನಿಮ್ಮಲ್ಲಿ ಒಬ್ಬ ಸಿಮನ್-ಟೋವ್ ಇದ್ದರೆ ಅವನ ಟಿಪ್ಪಣಿ ತಿದ್ದುಪಡಿಯಿಲ್ಲದೆ ವರದಿಯ ಜೊತೆ ಮೇಲಕ್ಕೆ ಹೋಗಲು ದಾರಿ ಮಾಡಿ. ಒಪ್ಪಬೇಕಿಲ್ಲ, ಲಗತ್ತಿಸಿದರೆ ಸಾಕು.

ಹಂತ 8: ಎಚ್ಚರಿಕೆಯ ಗೆರೆ, ಆಮೇಲೆ ಲಕೋಟೆ

ವರದಿಯ ಕೊನೆಗೆ ‘ಇಂಥಿಂಥದ್ದು ಕಂಡರೆ ನಾನು ಅಭಿಪ್ರಾಯ ಬದಲಿಸುತ್ತೇನೆ’ ಎಂದು ಮೂರು ನಾಲ್ಕು ಗುರುತು ಬರೆಯಿರಿ, ಅವು ಕಾಣುವ ಮೊದಲೇ. ಕಂಡ ಮೇಲೆ ಬರೆದರೆ ಮನಸ್ಸು ಪ್ರತಿಯೊಂದಕ್ಕೂ ಒಂದು ಸಬೂಬು ಹುಡುಕುತ್ತದೆ. ‘ಸೋವಿಯತ್ ಕುಟುಂಬಗಳು ಹೊರಟರೆ ಸಾಧ್ಯತೆಯನ್ನು ಶೇ 50ರ ಮೇಲಕ್ಕೆ ಒಯ್ಯುತ್ತೇವೆ’ ಎಂದು ಸೆಪ್ಟೆಂಬರಿನಲ್ಲಿ ಯಾರಾದರೂ ಬರೆದಿಟ್ಟಿದ್ದರೆ ಅಕ್ಟೋಬರ್ 5ರ ವರದಿಯಲ್ಲಿ ‘ಸಾಧ್ಯತೆ ಕಡಿಮೆ’ ಎಂದು ಬರೆಯುವ ಕೈ ತಡೆಯುತ್ತಿತ್ತು.

ಸುಳ್ಳಾದ ಎಚ್ಚರಿಕೆಯ ಲೆಕ್ಕವನ್ನೂ ಇಡಿ. ಅದೇ ವರ್ಷ ಮೇ ತಿಂಗಳಲ್ಲಿ ಯುದ್ಧದ ಭೀತಿ ಎದ್ದಿತ್ತು, ಇಸ್ರೇಲ್ ಖರ್ಚು ಮಾಡಿ ಸನ್ನದ್ಧವಾಗಿತ್ತು, ಏನೂ ಆಗಲಿಲ್ಲ. ಆಗ ‘ಬರುವುದಿಲ್ಲ’ ಎಂದಿದ್ದ ಅಮಾನ್ ಮುಖ್ಯಸ್ಥ ಎಲಿ ಜೈರಾ ಅವರ ಮಾತಿನ ತೂಕ ಅಕ್ಟೋಬರಿಗೆ ಹೆಚ್ಚಿತ್ತು. ತೋಳ ಬಂತು ತೋಳ ಕಥೆಯಲ್ಲಿ ಹುಡುಗನನ್ನು ಬೈದವರು, ‘ಬರಲ್ಲ’ ಎಂದು ಒಮ್ಮೆ ಸರಿ ಹೇಳಿದವನನ್ನು ಪರೀಕ್ಷಿಸುವುದಿಲ್ಲ.

ಅವಧಿ ಮುಗಿದ ದಿನ ಅಂಕ ಹಾಕಿ. ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞ 1950ರಲ್ಲಿ ಕೊಟ್ಟ ಅಳತೆಯ ಸರಳ ರೂಪ: ಆಗಿದ್ದರೆ 1, ಆಗದಿದ್ದರೆ 0, ಅದರಿಂದ ನೀವು ಹೇಳಿದ ಸಾಧ್ಯತೆ ಕಳೆದು ವರ್ಗ ಮಾಡಿ. ಶೇ 70 ಎಂದಿರಿ, ಆಯಿತು: 0.3ರ ವರ್ಗ 0.09. ಆಗಲಿಲ್ಲ: 0.7ರ ವರ್ಗ 0.49. ಕಡಿಮೆ ಬಂದಷ್ಟೂ ಒಳ್ಳೆಯದು. ಒಂದೆರಡು ಪ್ರಶ್ನೆಯಿಂದ ಏನೂ ತಿಳಿಯದು, ಐವತ್ತು ಆದ ಮೇಲೆ ಸರಾಸರಿ ನೋಡಿ.

ಆಮೇಲೆ ಲಕೋಟೆ ಒಡೆಯಿರಿ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಪ್ರವಾಸಕ್ಕೆ ಹೊರಡುವ ಮೊದಲು ಬರೂಕ್ ಫಿಶಾಫ್ ಮತ್ತು ರೂತ್ ಬೇಯ್ತ್ ವಿದ್ಯಾರ್ಥಿಗಳಿಂದ ಏನೇನಾಗಬಹುದೆಂದು ಸಾಧ್ಯತೆ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ‘ಆಗ ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ’ ಎಂದರು. ನಿಜವಾದ ಘಟನೆಗಳಿಗೆ ತಾವು ಕೊಟ್ಟಿದ್ದಕ್ಕಿಂತ ಹೆಚ್ಚು ಅಂಕಿ ಕೊಟ್ಟಿದ್ದೆವೆಂದು ಅವರು ನೆನಪಿಸಿಕೊಂಡರು. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ, ನೆನಪೇ ತಿದ್ದಿಕೊಂಡಿತ್ತು. ನಿಮ್ಮ ಲಕೋಟೆಯಲ್ಲಿರುವ ಉತ್ತರ ನಿಮಗೇ ಅಪರಿಚಿತವಾಗಿ ಕಂಡರೆ ಆಶ್ಚರ್ಯಪಡಬೇಡಿ. ಅದನ್ನು ಹರಿಯದೆ, ವರದಿಯ ಕೊನೆಯ ಪುಟಕ್ಕೆ ಅಂಟಿಸಿ, ಮುಂದಿನ ಪ್ರಶ್ನೆಗೆ ಹೊಸ ಲಕೋಟೆ ತೆಗೆದುಕೊಳ್ಳಿ.